ಭೀಮೇಶನ ಕೂಸು

"ಅಣ್ಣಾರ, ಒಂದ್ ಗಳಿಗಿ ಮಷಿನ್ ಬಂದ್ ಮಾಡ್ರಿ!" ಮಾದೇವಿ ಮತ್ತೊಮ್ಮೆ ಕೂಗಿದಳು.

ಮಾಳಿಂಗರಾಯ ಕೇಳಿಸದವನಂತೆ ಜೋಳ ಸುರಿದ. ಗುಡಗೇರಿಯ ತನ್ನ ಹಿಟ್ಟಿನ ಗಿರಣಿಯಲ್ಲಿ ಸದ್ದಿರುವಷ್ಟು ಹೊತ್ತು ಅವನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಲಗ್ನ ಯಾಕೆ ಆಗಲಿಲ್ಲ ಎನ್ನುವುದಕ್ಕೂ. ಕಡೆಗೆ, ಅವಳ ಸೆರಗು ಹಿಡಿದಿದ್ದ ಕೂಸು ಸದ್ದಿಗೆ ಹೆದರಿ ಅಳುವುದನ್ನು ಕಂಡು ಬಟನ್ ಒತ್ತಿದ. ಪಟ್ಟಾ ನಿಧಾನಕ್ಕೆ ನಿಂತಿತು.

ಮಾದೇವಿ ಭೀಮೇಶನ ಹೆಂಡತಿ. ಭೀಮೇಶ ಟ್ರ್ಯಾಕ್ಟರ್ ಕೆಳಗೆ ಸಿಕ್ಕು ಸತ್ತು ವರ್ಷವಾಗಿತ್ತು. ಬದುಕಿದ್ದಾಗ ಪ್ರತಿ ಸಂತೆಗೂ ಅವನು ತನ್ನೂರಿನಿಂದ ಗಿರಣಿಗೆ ಬರುತ್ತಿದ್ದ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಗಂಡಹೆಂಡಿರಂತೆ ಹಚ್ಚಿಕೊಂಡಿದ್ದ ಇಬ್ಬರೂ ಊರಿನ ಕಣ್ಣಿಗೆ ಬರೀ ಗೆಳೆಯರು. ಮಣ್ಣಿನ ದಿನ ಮಾಳಿಂಗರಾಯ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ, ಬಂದು, ಗಿರಣಿ ತೆರೆದಿದ್ದ.

ಈಗ ಅದೇ ಕೋಣೆಯೊಳಗೆ ನಿಂತು ಮಾದೇವಿ ಹೇಳಿದಳು: "ನನ್ನ ಇನ್ನೊಬ್ಬಂವಗ ಉಡಿಕಿ ಮಾಡಿ ಕೊಡಾಕತ್ತಾರ್ರಿ. ಹೊಸಾ ಗಂಡ ಈ ಕೂಸಿನ್ನ ಒಲ್ಲೆ ಅಂತಾನ. ಭಾವನೋರು ನಮಗ ನಮ್ಮ ಹೆಣ್ಮಕ್ಕಳs ಭಾರ ಆಗ್ಯಾವ ಅಂತಾರ. ಆಶ್ರಮಕ್ಕ ಬಿಡೂದೊಂದs ಉಳದೈತಿ."

"ನಾ ಒಬ್ಬಂವ. ಕೂಸಿಂದ ನನಗೇನ್ ತಿಳೀತೈತಿ? ಮಂದಿ ಏನಂದಾರು?"

"ಮಂದಿ!" ಅವಳು ದಣಿದ ನಗು ನಕ್ಕಳು. "ನಮ್ಮ ಮನಿಯವ್ರು ನಿಮ್ಮ ಕಡಿಂದ ಬಂದ ದಿನ ಕೂಸಿನ್ನ ಎತ್ತಿ ಆಡಸ್ತಿದ್ರು. ಉಳದ ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಿದ್ರು. ನನಗೇನ್ ಕಣ್ಣಿರಲಿಲ್ಲೇನ್ರಿ?"

ಬೈಯುತ್ತಾಳೆಂದು ಅವನು ಕಾದ. ಬೈಯುವಷ್ಟು ಕಸುವೂ ಅವಳಲ್ಲಿ ಉಳಿದಿರಲಿಲ್ಲ.

ಹೊರಗೆ ಬಂದರೆ ಜೋಳದ ಡಬ್ಬಿಗಳ ಸಾಲಿನಲ್ಲಿ ಹೆಂಗಸರು ಕಾಯುತ್ತಿದ್ದರು. ಓಣಿಯ ಹಿರಿಯಳು ರೇಣುಕವ್ವ ತನ್ನ ಡಬ್ಬಿಯ ಮೇಲೆಯೇ ಕೂತಿದ್ದಳು. "ಏನ್ಲೇ ಮಾಳಿಂಗಾ, ಹೆಣ್ಣು ತೋರ್ಸಿದ್ರ ಒಲ್ಲೆ ಅಂದಿ. ಈಗ ಹಡದ ಕೂಸs ಬಂತಲ್ಲೋ! ಏನಾಗ್ಬೇಕದು ನಿನಗ?"

ಹೆಂಗಸರು ನಕ್ಕರು. ಗೆಳ್ಯಾನ ಮಗಳು ಎಂದರೆ ಸಾಕಿತ್ತು. ಗೆಳೆಯ ಎನ್ನುವ ಆ ಮಾತನ್ನು ಅವನು ಎಷ್ಟು ವರ್ಷ ಸವೆಸಿದ್ದನೋ, ಇವತ್ತು ನಾಲಿಗೆಗೆ ಬರಲಿಲ್ಲ. ಮಾದೇವಿ ಕೂಸಿನ ಬಟ್ಟೆಯ ಚೀಲ ಕೈಯಲ್ಲೇ ಹಿಡಿದು ನಿಂತಿದ್ದಳು.

"ನನ್ನ ಕೂಸು," ಎಂದ. "ಇನ್ಮ್ಯಾಲೆ ನನ್ನ ಕಡೆನs ಇರ್ತಾಳ."

ನಗು ನಿಂತಿತು.

"ಯಾಕಂತ ಕೇಳ್ತಾರಲೇ ಮಂದಿ," ಎಂದಳು ರೇಣುಕವ್ವ.

"ಕೇಳ್ಲಿ."

ರೇಣುಕವ್ವ ಅವನನ್ನು ನೋಡಿದಳು, ಕೂಸನ್ನು ನೋಡಿದಳು. "ತಲ್ಯಾಗ ಹೇನ್ ಅದಾವ ನೋಡು ಮೊದಲ," ಎಂದು ಡಬ್ಬಿಯಿಂದೆದ್ದಳು.

ಮಾದೇವಿ ಚೀಲ ಕೆಳಗಿಟ್ಟಳು. "ಅರುಣಾ ಅಂತ ಹೆಸರು. ಬದನಿಕಾಯಿ ಒಲ್ಲೆ ಅಂತಾಳ." ಸೆರಗಿನಿಂದ ಕೂಸಿನ ಮೂಗು ಒರೆಸಿ, ಬಸ್ಸಿನ ಕಡೆ ಹೊರಟವಳು ತಿರುಗಲಿಲ್ಲ.

ಸಂಜೆ ಕೂಸು ನಡೆಯಲು ಒಪ್ಪಲಿಲ್ಲ. ಅವನು ಎತ್ತಿಕೊಂಡ. ಹಿಂದಿನ ಓಣಿ ಹಿಡಿದರೆ ಮನೆ ಹತ್ತಿರ, ಯಾರೂ ಸಿಗುವುದಿಲ್ಲ. ಅವನು ಒಂದು ಕ್ಷಣ ನಿಂತು, ಊರವರು ಕೂರುವ ಕಟ್ಟೆಯ ಮುಂದಿನ ದಾರಿ ಹಿಡಿದ. ಕೂತವರ ಮಾತು ಒಂದೊಂದಾಗಿ ನಿಂತಿತು. ಬೀಳದಂತೆ ಕೂಸು ಬೆವೆತ ಕೈಯಲ್ಲಿ ಅವನ ಕಿವಿ ಹಿಡಿದುಕೊಂಡಿತ್ತು. ನೋಯುತ್ತಿತ್ತು, ಅವನು ಬಿಡಿಸಲಿಲ್ಲ.