ಸರಿಯಾಗಿಯೇ ಕೇಳಿಸಿತ್ತು

ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೆಂಡತಿ ಗಂಡನ ಸಂದರ್ಶನ ನಡೆಸುತ್ತಿದ್ದಳು. ಅಂಗಡಿ ಕೆಲಸಕ್ಕೆ ಬಂದವರನ್ನು ಏನೇನು ಕೇಳುತ್ತಾರೆಂದು ಅವಳ ತಂಗಿ ಫೋನಿನಲ್ಲಿ ಒಂದು ಪಟ್ಟಿ ಕಳಿಸಿದ್ದಳು. ತಂಗಿ ನಾಲ್ಕು ವರ್ಷದಿಂದ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತವಳು. ಈ ವಿಷಯದಲ್ಲಿ ಅವಳ ಮಾತೇ ಕಾನೂನು. ಗಂಡ ಬಕೆಟ್ಟು ಬೋರಲು ಹಾಕಿ ಕೂತು ಷರ್ಟಿಗೆ ಗುಂಡಿ ಹೊಲಿಯುತ್ತಿದ್ದ. ಆರಡಿ ಮೂರಂಗುಲದ ಆಳು. ಹಿಂದೆ ಕೆಲಸ ಮಾಡುತ್ತಿದ್ದ ಸೂಪರ್ ಮಾರ್ಕೆಟ್ಟಿನ ಗೋದಾಮಿನಲ್ಲಿ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು.

ಪಟ್ಟಿಯ ಏಳನೆಯ ಪ್ರಶ್ನೆಗೆ ಬಂದಾಗ ಅವಳು ನಿಧಾನವಾಗಿ ಓದಿದಳು. ಸೂಪರ್‌ವೈಸರ್ ಹೇಳಿದ್ದು ನಿಮಗೆ ತಪ್ಪಾಗಿ ಅರ್ಥವಾದ ಒಂದು ಸಂದರ್ಭ ಹೇಳಿ, ಆಗ ಏನು ಮಾಡಿದಿರಿ? ಇದನ್ನು ಕೇಳಿಯೇ ಕೇಳುತ್ತಾರಂತೆ. ಉತ್ತರವನ್ನೂ ತಂಗಿಯೇ ಹೇಳಿಕೊಟ್ಟಿದ್ದಳು: ತಪ್ಪು ನನ್ನದೇ ಅನ್ನಬೇಕು, ಆದರೆ ಚಿಕ್ಕ ತಪ್ಪಾಗಿರಬೇಕು; ಅದರಿಂದ ಪಾಠ ಕಲಿತೆ ಅನ್ನಬೇಕು; ಸೂಪರ್‌ವೈಸರನ್ನು ಮಾತ್ರ ಬೈಯಲೇಬಾರದು.

"ಮನೇಲಿ ಆಗೋ ತಪ್ಪೆಲ್ಲ ನನ್ನ ತಲೆಗೇ ಕಟ್ತೀರಲ್ಲ, ಅಲ್ಲಿ ಒಂದಿನ ನಿಮ್ಮ ತಲೆಗೇ ಕಟ್ಕೊಳಿ," ಎಂದಳು.

ಅವನು ನಗಲಿಲ್ಲ. ಅವಳೂ ಮುಂದೆ ತಮಾಷೆ ಮಾಡಲಿಲ್ಲ. ಎಂಟು ತಿಂಗಳಿಂದ ಮನೆ ಅವಳೊಬ್ಬಳ ಹೊಲಿಗೆಯ ಮೇಲೆ ನಡೆದಿತ್ತು. ಕಣ್ಣು ಉರಿ ಬಂದಾಗ ಒದ್ದೆ ಬಟ್ಟೆ ಒತ್ತಿಕೊಂಡು ಮತ್ತೆ ಮಿಷನ್ ಮುಂದೆ ಕೂರುತ್ತಿದ್ದಳು.

ಹಳೆಯ ಗೋದಾಮಿನಲ್ಲಿ ಸಾಮಾನು ಸಾಗಿಸುವ ಒಂದು ಲಿಫ್ಟ್ ಇತ್ತು. ಪೂರ್ತಿ ಮುಚ್ಚಿದ ಬಾಗಿಲಿನ ಅಂಚು ಚೌಕಟ್ಟಿನ ಸ್ವಿಚ್ಚನ್ನು ಒತ್ತಿದರೆ ಮಾತ್ರ ಅದು ಏಳುತ್ತಿತ್ತು. ಬಾಗಿಲು ಸೊಟ್ಟಗಾಗಿ ಮೂರು ಸಲ ಎಳೆದರೂ ಕೂರುತ್ತಿರಲಿಲ್ಲ. ರಿಪೇರಿಯವನನ್ನು ಕರೆಸುವ ಬದಲು ಸೂಪರ್‌ವೈಸರ್ ಒಂದು ದಿನ ಏಣಿಯ ಹೆಗಲ ಮೇಲೆ ಕೈಹಾಕಿ, ಸ್ವಿಚ್ಚಿಗೆ ರಟ್ಟಿನ ಚೂರು ಮಡಚಿ ಸಿಕ್ಕಿಸು, ಬಾಗಿಲು ತೆರೆದಿದ್ದರೂ ಓಡುತ್ತದೆ ಎಂದ. ಅಂಥ ಮಾತನ್ನು ಅವನು ಎಂದೂ ಬರೆದು ಕೊಡುತ್ತಿರಲಿಲ್ಲ. ಹೆಗಲ ಮೇಲೆ ಕೈಹಾಕಿಯೇ ಹೇಳುತ್ತಿದ್ದ. ಅಲ್ಲಿಯ ಪದ್ಧತಿಯೇ ಅದು: ಒಳ್ಳೆಯ ಹುಕುಂ ಕಾಗದದಲ್ಲಿ, ಕೆಟ್ಟ ಹುಕುಂ ಕಿವಿಯಲ್ಲಿ.

ಎರಡು ತಿಂಗಳು ಏಣಿ ಪ್ರತಿ ಬೆಳಿಗ್ಗೆ ಹೊಸ ರಟ್ಟು ಸಿಕ್ಕಿಸಿದ. ಅರವತ್ತೊಂದನೆಯ ದಿನವೋ ಏನೋ, ಪ್ಯಾಕಿಂಗ್ ಮಾಡುವ ಹೆಂಗಸು, ಎಲ್ಲರ ಪಾಲಿಗೂ ಚಿಕ್ಕಮ್ಮ, ಜಾರುತ್ತಿದ್ದ ಪೆಟ್ಟಿಗೆಯನ್ನು ಹಿಡಿಯಲು ಕೈ ಚಾಚಿದಳು. ಲಿಫ್ಟ್ ಎದ್ದಿತು. ಬಲಗೈಯ ಮೂರು ಬೆರಳು ಹೋದವು.

ಮಾರನೆಯ ದಿನ ಸೂಪರ್‌ವೈಸರ್ ಏಣಿಯನ್ನು ಬಾಗಿಲು ಹಾಕಿ ಕೂರಿಸಿಕೊಂಡ. ಅವನಿಗೂ ನಿದ್ದೆ ಇರಲಿಲ್ಲ. ತನಗೂ ಮೇಲಿನವರಿದ್ದಾರೆ, ರಿಪೇರಿಗೆ ಮೂರು ಸಲ ಕೇಳಿದರೂ ಕೊಡಲಿಲ್ಲ, ತನ್ನ ಮಗಳು ಹಾಸಿಗೆ ಹಿಡಿದಿದ್ದಾಳೆ ಎಂದೆಲ್ಲ ಹೇಳಿದ. ಸುಳ್ಳೇನೂ ಅಲ್ಲ. ಕಾಗದ ಮಾತ್ರ ಆಗಲೇ ಟೈಪಾಗಿತ್ತು: ಸ್ವಿಚ್ಚನ್ನು ಪರೀಕ್ಷಿಸು ಎಂದು ಹೇಳಿದ್ದನ್ನು ಕೆಲಸಗಾರ ತಪ್ಪಾಗಿ ತಿಳಿದ. ಏಣಿ ಸಹಿ ಹಾಕಿದ. ಅದೇ ವಾರ ಅವನ ಕೆಲಸವೂ ಹೋಯಿತು. ಸಹಿ ಹಾಕಿದ್ದಕ್ಕೆ ಕೈಗೆ ಒಳ್ಳೆಯ ನಡತೆಯ ಪತ್ರ ಬಂತು. ತಪ್ಪು ಕೆಲಸಗಾರರದ್ದೇ, ಮಾರ್ಕೆಟ್ಟಿನದಲ್ಲ ಎಂದು ಚಿಕ್ಕಮ್ಮನಿಗೆ ಪರಿಹಾರವೂ ಸಿಗಲಿಲ್ಲ.

ಹೊಸ ಅಂಗಡಿಯ ಮೇಲಂತಸ್ತಿನಲ್ಲಿ, ಸೋಪಿನ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿದ ಕೋಣೆಯಲ್ಲಿ, ಸಂದರ್ಶನ. ಮೇಜಿನ ಆಚೆ ಕನ್ನಡಕದ ಮೇಡಂ, ಪಕ್ಕದಲ್ಲಿ ಮ್ಯಾನೇಜರ್. ಪತ್ರ ನೋಡಿ ಇಬ್ಬರಿಗೂ ಸಮಾಧಾನವಾಯಿತು. ಇಷ್ಟು ಎತ್ತರದವರಿದ್ದರೆ ಏಣಿ ಕೊಳ್ಳುವುದೇ ಬೇಡ ಎಂದು ಮ್ಯಾನೇಜರ್ ನಕ್ಕ. ಸೋಮವಾರದಿಂದಲೇ ಬರಲು ಆಗುತ್ತದೆಯೇ ಎಂದೂ ಕೇಳಿದ. ಆಮೇಲೆ ಮೇಡಂ ಆ ಪ್ರಶ್ನೆಯನ್ನು ಕೇಳಿದರು.

ಅವನು ಕಲಿತದ್ದನ್ನು ಒಪ್ಪಿಸಿದ. ಒಮ್ಮೆ ಲಿಫ್ಟಿನ ವಿಷಯದಲ್ಲಿ ಸೂಪರ್‌ವೈಸರ್ ಹೇಳಿದ್ದು ತನಗೆ ತಪ್ಪಾಗಿ ಅರ್ಥವಾಯಿತು, ಸಣ್ಣ ತೊಂದರೆಯಾಯಿತು, ಈಗ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ ಎಂದ. ಮೇಡಂ ತಲೆಯಾಡಿಸಿ ಹಾಳೆಯ ಮೇಲೆ ಬರೆಯತೊಡಗಿದರು. ಸಣ್ಣ ತೊಂದರೆ ಎಂಬ ಮಾತು ಅವರ ದುಂಡನೆಯ ಅಕ್ಷರದಲ್ಲಿ ಮೂಡುವುದು ಅವನಿಗೆ ತಲೆಕೆಳಗಾಗಿ ಕಾಣಿಸಿತು.

"ಮೇಡಂ, ಅದನ್ನ ಹೊಡೆದುಹಾಕಿ," ಎಂದ.

ಆಮೇಲೆ ಎಲ್ಲ ಹೇಳಿದ. ರಟ್ಟು, ಬೆರಳು, ಟೈಪಾಗಿದ್ದ ಕಾಗದ. ಇನ್ನು ಹುಕುಂ ಏನಿದ್ದರೂ ಬರೆದು ಕೊಡಬೇಕು ಎಂದ. ಮ್ಯಾನೇಜರ್ ಗಡಿಯಾರ ನೋಡಿದ. ನೋಡಪ್ಪಾ, ದಿನಕ್ಕೆ ನೂರು ಮಾತು ಬಾಯಲ್ಲೇ ನಡೆಯುತ್ತವೆ, ಎಲ್ಲಕ್ಕೂ ಪತ್ರ ಕೇಳುತ್ತ ಕೂತರೆ ಅಂಗಡಿ ನಡೆಸುವುದು ಹೇಗೆ ಎಂದು, ಸಿಟ್ಟಿಲ್ಲದೆಯೇ ಕೇಳಿದ. ಮೇಡಂ ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ನಿಮ್ಮ ತಪ್ಪು ಏನೂ ಇಲ್ಲ ಅಂತೀರಾ?"

"ಇದೆ ಮೇಡಂ. ಅವರು ಹೇಳಿದ್ದು ನಂಗೆ ಸರಿಯಾಗೇ ಕೇಳಿಸ್ತು. ಮಾಡಬಾರದು ಅಂತಾನೂ ಗೊತ್ತಿತ್ತು. ಆದ್ರೂ ರಟ್ಟು ಸಿಕ್ಕಿಸಿದ್ದು ಈ ಕೈನೇ."

ತಿಳಿಸುತ್ತೇವೆ ಎಂದರು. ಅದರ ಅರ್ಥ ಯಾರಿಗೆ ಗೊತ್ತಿಲ್ಲ?

ಬಸ್ ನಿಲ್ದಾಣದಿಂದ ಹೆಂಡತಿಗೆ ಫೋನ್ ಮಾಡಿದ. ಆದದ್ದನ್ನು ಹೇಳಿದ. ಅವಳು, ಊಟಕ್ಕೆ ಬರುತ್ತೀರಾ ಎಂದಷ್ಟೇ ಕೇಳಿದಳು. ತಡವಾಗುತ್ತದೆ, ಚಿಕ್ಕಮ್ಮನ ಮನೆಗೆ ಹೋಗಬೇಕು ಎಂದ. ಫೋನ್ ಇಡುವ ಮೊದಲೇ ಆ ಕಡೆ ಹೊಲಿಗೆ ಮಿಷನ್ ಓಡತೊಡಗಿತು.

ಚಿಕ್ಕಮ್ಮ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಬಲಗೈ ಸೆರಗಿನೊಳಗಿತ್ತು. ಒಳಗೆ ಬಾ ಎನ್ನಲಿಲ್ಲ. ಅವನು ಹೊಸಿಲಾಚೆ ನಿಂತೇ, ತಾನು ಸುಳ್ಳಿಗೆ ಸಹಿ ಹಾಕಿದೆನೆಂದು ಕಾರ್ಮಿಕ ಇಲಾಖೆಯಲ್ಲಿ ಬರೆದು ಕೊಡಲು ಹೊರಟಿದ್ದೇನೆ, ನೀವೂ ಬಂದರೆ ಅರ್ಜಿ ಗಟ್ಟಿಯಾಗುತ್ತದೆ ಎಂದ.

"ಎಂಟು ತಿಂಗಳು ಬೇಕಾಯ್ತೇನೋ ನಿಂಗೆ?"

ಅವಳು ಒಳಗೆ ಹೋದಳು. ಇನ್ನು ಬಾಗಿಲು ಮುಚ್ಚುತ್ತಾಳೆ ಎಂದೇ ಅವನು ತಿಳಿದ. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಚೀಟಿಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು. ಬೀಗವನ್ನು ಗದ್ದಕ್ಕೂ ಎದೆಗೂ ನಡುವೆ ಅದುಮಿಕೊಂಡು ಎಡಗೈಯಿಂದ ಚಿಲಕ ಎಳೆದಳು. ಅವನು ಕೊಡಿ ಎಂದು ಕೈ ಚಾಚಿದ. ಅವಳು ಕೊಡಲಿಲ್ಲ. ಬೀಗ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು.

"ನಡಿ," ಎಂದಳು.