ಗಂಗಪ್ಪನ ಹಗುರ ಸಿಗರೇಟು

ಧಾರವಾಡದ ಗುಡ್ಡಪ್ಪ ಮಾಸ್ತರರು ಬೆಳಗಿನ ಲಿಂಗಪೂಜೆ ಮುಗಿಸಿ ಏಳುವ ಹೊತ್ತಿಗೆ ಹಿರಿಯ ಮಗ ಗಂಗಪ್ಪ ಚಹಾದ ಜೊತೆ ಸಿಗರೇಟು ಹಚ್ಚಿರುತ್ತಿದ್ದ. ಅವನು ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಅರ್ಧ ಸೇದಿ, ಉಳಿದರ್ಧವನ್ನು ಬಸಿಯಲ್ಲಿ ಹೊಗೆಯಾಡಲು ಬಿಟ್ಟು ಪತ್ರಿಕೆ ಓದುವುದು ಅವನ ವಾಡಿಕೆ. ದಿನಕ್ಕೆ ಹತ್ತು ಸೇದುತ್ತಿದ್ದ. ಹೆಂಡತಿ ಶಿವಲಿಂಗವ್ವನಿಗೆ ಆ ಬಸಿ ತೊಳೆದು ತೊಳೆದು ಸಾಕಾಗಿತ್ತು.

೧೯೬೨ರಲ್ಲಿ ಪತ್ರಿಕೆಯಲ್ಲಿ ಫಿಲ್ಟರ್ ಸಿಗರೇಟಿನ ಜಾಹೀರಾತು ಬಂತು. ಹೊಗೆ ಸೋಸಿ ಬರುತ್ತದೆ, ಗಂಟಲಿಗೆ ಹಗುರ ಎಂದು ಬರೆದಿತ್ತು. ಬಿಡು ಎಂದರೆ ಬಿಡದ ಮಗ ಹಗುರದ್ದನ್ನಾದರೂ ಸೇದಲಿ ಎಂದು, ಜನ್ಮದಲ್ಲಿ ಪಾನಂಗಡಿಯ ಮುಂದೆ ನಿಲ್ಲದ ಮಾಸ್ತರರು ತಾವೇ ಹೋಗಿ ಒಂದು ಪೊಟ್ಟಣ ತಂದರು.

“ಅಪ್ಪಾ, ಇದೇನು ಸಿಗರೇಟ್ರೀ? ಗಾಳಿ ಸೇದಿದಂಗ ಆಗತೈತಿ,” ಎಂದು ಗಂಗಪ್ಪ ನಕ್ಕ. “ಇರಲಿ, ಮಾಸ್ತರ ಕೊಟ್ಟ ಪ್ರಸಾದ. ಒಲ್ಲೆ ಅನ್ನಾಕ ಬರೂದಿಲ್ಲ.”

“ಗಾಳಿ ಆದ್ರ ಛಲೋನ ಆತು. ಸೇದು.”

ಆಮೇಲೆ ಆದದ್ದನ್ನು ಮನೆಯವರೆಲ್ಲ ಕಂಡರು, ಯಾರಿಗೂ ಅರ್ಥವಾಗಲಿಲ್ಲ. ಗಂಗಪ್ಪ ಈಗ ಕೆನ್ನೆ ಒಳಕ್ಕೆ ಹೋಗುವಂತೆ ಎಳೆಯುತ್ತಿದ್ದ. ಹೊಗೆಯನ್ನು ಎದೆಯಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತಿದ್ದ. ಬೆಂಕಿ ಫಿಲ್ಟರಿಗೆ ತಾಗುವವರೆಗೂ ಕೆಳಗಿಡುತ್ತಿರಲಿಲ್ಲ. ಹತ್ತು ಇದ್ದದ್ದು ಹದಿನೆಂಟಾಗಿ ಇಪ್ಪತ್ತೈದಾಯಿತು. ಕೇಳಿದರೆ, “ಹಗುರ ಐತಲ್ಲ, ಏನಾಗತೈತಿ?” ಎನ್ನುತ್ತಿದ್ದ. ತಮ್ಮ ಹನುಮಪ್ಪನೂ ಅದೇ ಧೈರ್ಯದ ಮೇಲೆ ಶುರುಮಾಡಿದ.

ನಾಲ್ಕನೆಯ ವರ್ಷ ಗಂಗಪ್ಪನ ಕಫದಲ್ಲಿ ರಕ್ತ ಬಂತು. ಹುಬ್ಬಳ್ಳಿಯ ವಿದ್ಯಾನಗರದ ಡಾಕ್ಟರು ಎಕ್ಸ್‌ರೇ ನೋಡಿ ಮಾಸ್ತರರನ್ನು ಒಳಗೆ ಕರೆದು, ಶ್ವಾಸಕೋಶದ ಕ್ಯಾನ್ಸರ್ ಎಂದು ಹೇಳಿದರು.

“ಹಗುರದ್ದನ್ನ ಸೇದತಿದ್ದನಲ್ರಿ,” ಎಂದರು ಮಾಸ್ತರರು.

“ಸಿಗರೇಟು ಹಗುರ ಆದ್ರ ಚಟ ಹಗುರ ಆಗತೈತೇನ್ರಿ? ಮೈಗೆ ನಿಕೋಟಿನ್ ರೂಢಿ ಆಗಿರತೈತಿ. ಒಂದರಾಗ ಕಡಿಮಿ ಬಿತ್ತಂದ್ರ ಜೋರಾಗಿ ಎಳೀತಾರ, ಇಲ್ಲಾಂದ್ರ ಮತ್ತೊಂದು ಹಚ್ಚತಾರ. ಅದರ ಜೋಡಿ ಟಾರು, ಅಂದ್ರ ಹೊಗಿಯೊಳಗಿನ ಆ ಕರಿ ಜಿಗಟು, ಎದಿಯ ಆಳಕ್ಕ ಇಳೀತೈತಿ. ನನ್ನ ಕಡೆ ಬರೂ ಮಂದ್ಯಾಗ ದಿನಾ ಇದನ್ನ ನೋಡಾಕತ್ತೇನ್ರಿ.”

ಶ್ರಾವಣದಲ್ಲಿ ಗಂಗಪ್ಪ ತೀರಿಕೊಂಡ. ನಲವತ್ತೊಂದು ವರ್ಷ.

ಮೂರನೆಯ ದಿನ ಸಮಾಧಿಗೆ ಎಡೆ ಒಯ್ದರು. ಸತ್ತವನಿಗೆ ಪ್ರಿಯವಾದದ್ದನ್ನೆಲ್ಲ ಇಡುವುದು ಆ ಮನೆಯ ಪದ್ಧತಿ. ಸೇದುವವನಾಗಿದ್ದರೆ ಬೀಡಿ, ಸಿಗರೇಟನ್ನೂ ಹಚ್ಚಿ ಇಡುತ್ತಿದ್ದರು. ಪಕ್ಕದ ಹಳ್ಳಿ ಹೆಬ್ಬಳ್ಳಿಯಿಂದ ಬಂದಿದ್ದ ಮಾಸ್ತರರ ಅಕ್ಕ ಮುದಕವ್ವ ಹೋಳಿಗೆಯ ಪಕ್ಕದಲ್ಲಿ ಫಿಲ್ಟರ್ ಸಿಗರೇಟಿನ ಪೊಟ್ಟಣ ಇಟ್ಟು, ಒಂದನ್ನು ಹನುಮಪ್ಪನ ಕೈಗೆ ಕೊಟ್ಟಳು.

“ನೀನ ಹಚ್ಚಪಾ. ಎರಡು ಸಲ ಎಳದು ಅಣ್ಣನ ಮುಂದ ಇಡು. ಒಡಹುಟ್ಟಿದಾವ ಹಚ್ಚಬೇಕು.”

ಹನುಮಪ್ಪ ಕಡ್ಡಿ ಗೀರಿದ. ಮಾಸ್ತರರು ಬಗ್ಗಿ ಅದನ್ನು ಊದಿ ಆರಿಸಿದರು.

“ಬ್ಯಾಡ ಅಕ್ಕಾ.”

“ಸಾಲಿ ಕಲಿಸಿ ಕಲಿಸಿ ನಿನ್ನ ತಲಿ ಕೆಟ್ಟೈತೇನ ತಮ್ಮಾ? ಸತ್ತಾವಗ ಇನ್ನೇನ ಕೆಡಕ ಆಗತೈತಿ? ಅವನ ಜೀವ ತಣೀಬ್ಯಾಡೇನು?”

“ಇದರಿಂದ ತಣಿಯೂ ಹಂಗಿದ್ರ ಬದುಕಿದ್ದಾಗನ ತಣೀತಿತ್ತು. ದಿನಾ ಇಪ್ಪತ್ತೈದು ಸುಟ್ರೂ ತಣೀಲಿಲ್ಲ. ಮೊದಲನೇ ಪೊಟ್ಟಣ ತಂದಾವ ನಾನು. ಆ ತಪ್ಪನ್ನ ಶಿವನ ಮುಂದ ಒಪ್ಪಿಕೊಂಡೇನಿ. ಈ ಮಗನ ಬಾಯಾಗ ನನ್ನ ಕಣ್ಣೆದುರಿಗೆ ಇಡಾಕ ಬಿಡೂದಿಲ್ಲ.”

“ಪದ್ಧತಿ ಮುರದ ಮನ್ಯಾಗ ನಾ ಉಣ್ಣೂದಿಲ್ಲ, ನೋಡು!”

ಶಿವಲಿಂಗವ್ವ ಮುಂದೆ ಬಂದಳು: “ಉಣಬ್ಯಾಡ್ರಿ ಅತ್ತಿ.” ಪೊಟ್ಟಣವನ್ನು ಎಡೆಯಿಂದ ಎತ್ತಿ ಹಾಕಿ, ಹೋಳಿಗೆಯನ್ನು ಸರಿಪಡಿಸಿದಳು.

ಹಿಂದಿರುಗುವ ದಾರಿಯಲ್ಲಿ ಹನುಮಪ್ಪ ತಂದೆಯ ಜೊತೆ ನಡೆದ. “ಅಪ್ಪಾ, ನನಗೂ ದಿನಾ ಹದಿನೈದು ಬೇಕಾಗತಾವ್ರಿ. ಬಿಡಾಕ ನೋಡಿದೆ, ಕೈ ನಡಗತೈತಿ,” ಎಂದ.

“ಈ ಸಲ ಹಗುರದ್ದು ಹುಡುಕಿ ಕೊಡೂದಿಲ್ಲಪಾ. ಡಾಕ್ಟರ ಕಡೆ ನಡಿ, ಕೈ ನಾ ಹಿಡೀತೇನಿ.”

ದುಃಖದ ಮನೆಯವರು ಊರು ದಾಟಬಾರದೆಂದು ಮುದಕವ್ವ ಹಿಂದಿನಿಂದ ಕೂಗಿದಳು. ತಂದೆ ಮಗ ಇಬ್ಬರೂ ಹುಬ್ಬಳ್ಳಿಯ ಬಸ್ಸು ಹತ್ತಿದರು.