ಹೊಂಡ ಕೆಂಪಾದ ಮೇಲೆ

ನಮ್ಮ ಯಜಮಾನರು ಸಿಯಾಂಕುಕು ಇಪ್ಪತ್ತೆರಡು ವರ್ಷ ಊರಿನ ಗಲೀಜು ನೀರಿನ ಹೊಂಡಗಳನ್ನು ನೋಡಿಕೊಂಡರು. ಮಿಷನ್ ಶಾಲೆಯ ಹಾಸ್ಟೆಲು, ಆಸ್ಪತ್ರೆ, ಅರವತ್ತು ಮನೆ, ಇಷ್ಟರ ಕಕ್ಕಸು ಬಚ್ಚಲ ನೀರೆಲ್ಲ ಮೊದಲ ಹೊಂಡಕ್ಕೆ ಬಂದು ಬೀಳುತ್ತದೆ. ಅಲ್ಲಿ ಗಸಿ ಇಳಿದು ಎರಡನೆಯದಕ್ಕೆ, ಬಿಸಿಲು ಕಂಡು ಮೂರನೆಯದಕ್ಕೆ, ಅಲ್ಲಿಂದ ಹೊಳೆಗೆ. ಕೆಳಗಿನ ಊರಿನವರು ಆ ಹೊಳೆಯ ನೀರನ್ನೇ ಕುಡಿಯುತ್ತಾರೆ. ಮೊದಲ ಹೊಂಡದ ಮೇಲೆ ಕಟ್ಟುವ ಪೊರೆಯನ್ನು ದಿನಾ ಉದ್ದ ಹಿಡಿಗೆ ಹಲ್ಲುಗಳಿರುವ ಹಲುಬೆಯಿಂದ ಎಳೆದು ದಡದಲ್ಲಿ ಹೂಳುವುದು ಇವರ ಕೆಲಸವಾಗಿತ್ತು.

ನಮ್ಮಲ್ಲಿ ಎದುರಾದವರಿಗೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಆಮೇಲೆ ಕೈ ಹಿಡಿಯುತ್ತಾರೆ. ಇವರಿಗೆ ಮಾತ್ರ ಚಪ್ಪಾಳೆಗೇ ಮುಗಿಯುತ್ತಿತ್ತು. ಊರವರನ್ನು ಕೇಳಿದರೆ, ಹಿರಿಯರಲ್ಲವೇ, ಮರ್ಯಾದೆ ಅನ್ನುತ್ತಿದ್ದರು. ಇವರಿಗೆ ಮೂವತ್ತೆಂಟು ವಯಸ್ಸಿದ್ದಾಗಲೂ ಹಾಗೇ ಅನ್ನುತ್ತಿದ್ದರು.

ಇವರು ಸತ್ತಾಗ ಊರೆಲ್ಲ ಬಂತು. ಅತ್ತರು, ಚೆನ್ನಾಗಿಯೇ ಅತ್ತರು. ನಾನು ಹೋರಿ ಕಡಿಸಿದೆ. ನಾಲ್ಕು ದಿನ ಸಾವಿನ ಮನೆಯಲ್ಲೇ ಉಂಡು ಮಲಗುವುದು ನಮ್ಮ ಕ್ರಮ. ಉಣ್ಣದೆ ಹೋದರೆ ಸತ್ತವನು ನಮ್ಮವನಲ್ಲ ಎಂದ ಹಾಗೆ. ಒಂದು ಹೊತ್ತಾದರೂ ಇವರ ಹೆಸರಲ್ಲಿ ಜನ ಉಣ್ಣಲಿ ಎಂಬುದಷ್ಟೇ ನನ್ನ ಆಸೆ. ಬಡಿಸುವ ಹೊತ್ತಿಗೆ ಒಬ್ಬೊಬ್ಬರಾಗಿ ಎದ್ದರು.

"ಹೊಟ್ಟೆ ಸರಿ ಇಲ್ಲ ಕಣಕ್ಕಾ," ಅಂದಳು ಪಕ್ಕದ ಮನೆಯ ಚೋಲ್ವೆ.

"ಇಡೀ ಊರಿಗೇ ಒಂದೇ ಸಲ ಹೊಟ್ಟೆ ಕೆಟ್ತಾ?" ಅಂದೆ.

ಅವಳು ತಲೆ ತಗ್ಗಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯಿಂದ ಮುದ್ದೆ ತಿರುವುವ ಸದ್ದು ಕೇಳಿಸಿತು. ಹೋರಿಯ ಮಾಂಸ ನಾಯಿಗಳ ಪಾಲಾಯಿತು.

ಹೊಂಡಕ್ಕೆ ಬೇರೆ ಆಳು ಬರಲಿಲ್ಲ. ಒಂದೂವರೆ ತಿಂಗಳಿಗೆ ಎರಡನೆಯ ಹೊಂಡದ ಹಸಿರು ನೀರು ಕೆಂಪಾಯಿತು. ಊರ ಮುಖಂಡ ಹಮೂಂಗಾ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದ.

"ಅಕ್ಕಾ, ಹೊಂಡ ನೋಡಿದ್ಯಾ?"

"ನೋಡೋದೇನು, ಮೂಗಿಗೇ ಬಂತಲ್ಲ."

"ತಮಾಷೆ ಬೇಡ. ರಕ್ತದ ಬಣ್ಣ ಅದು. ಅಣ್ಣಂಗೆ ಸಿಟ್ಟು ಬಂದದೆ. ಅವನ ಸಾವಿನೂಟ ನಾವು ಉಣ್ಲಿಲ್ಲ ನೋಡು."

"ಹೊಟ್ಟೆ ಸರಿಯಾಯ್ತಾ ಎಲ್ಲಾರ್ದೂ?"

"ಆಯ್ತು ತಾಯಿ, ಆಯ್ತು. ಭಾನುವಾರ ಬರ್ತೀವಿ. ಅಡುಗೆ ಮಾಡು."

ಕೆಂಪು ಏಕೆಂದು ನನಗೆ ಗೊತ್ತಿತ್ತು. ಒಮ್ಮೆ ಇವರು ಮಲೇರಿಯಾದಲ್ಲಿ ಮಲಗಿದ್ದಾಗಲೂ ಹೀಗೇ ಆಗಿತ್ತು. ಪೊರೆ ತೆಗೆಯದಿದ್ದರೆ ಹಸಿ ಗಲೀಜು ಎರಡನೆಯ ಹೊಂಡಕ್ಕೆ ನುಗ್ಗಿ ನೀರು ಬಣ್ಣಗೆಡುತ್ತದೆ ಎಂದು ಆಗ ಇವರೇ ಹೇಳಿದ್ದರು. ಅದನ್ನು ಯಾರಿಗೂ ಹೇಳದೆ ಭಾನುವಾರದ ಅಡುಗೆಗೆ ಹಿಟ್ಟು ಹೊಂದಿಸಿದೆ.

ಭಾನುವಾರ ಊರೆಲ್ಲ ಉಂಡಿತು. ಮೊದಲ ತುತ್ತು ಮುರಿಯುವ ಮುಂಚೆ ಹಮೂಂಗಾ ಹೊಂಡದ ಕಡೆ ಒಮ್ಮೆ ತಿರುಗಿ ನೋಡಿದ. ಚೋಲ್ವೆ ಕಹಿ ಔಷಧಿ ಕುಡಿದವಳ ಹಾಗೆ ಕಣ್ಣು ಮುಚ್ಚಿ ನುಂಗಿದಳು.

"ಇನ್ನೊಂದು ಚೂರು ಹಾಕ್ಲಾ?"

"ಹಾಕಕ್ಕಾ," ಅಂದಳು. ಬೇಡ ಅನ್ನಲು ಭಯ.

ಇಪ್ಪತ್ತೆರಡು ವರ್ಷ ದುಡಿದವರಿಗೆ ಸಿಗದ್ದು, ಕೆಟ್ಟ ನೀರಿಗೆ ಸಿಕ್ಕಿತು.

ಊಟವಾದರೂ ಹೊಂಡ ಕೆಂಪಾಗಿಯೇ ಇತ್ತು. ಹಾಗೇ ಬಿಟ್ಟರೆ ಉಂಡದ್ದು ದಂಡ ಅನ್ನುತ್ತಾರೆ, ಇವರನ್ನು ಕೆಟ್ಟ ದೆವ್ವ ಎಂದು ಓಡಿಸಲು ಯಾರನ್ನಾದರೂ ಕರೆಸುತ್ತಾರೆ. ಮಾರನೆಯ ಬೆಳಿಗ್ಗೆ ಹಲುಬೆ ಹಿಡಿದು ನಾನೇ ಹೋದೆ. ನಾತಕ್ಕೆ ಹೆದರಿ ಆ ಕಡೆ ಯಾರೂ ಸುಳಿಯುವುದಿಲ್ಲ, ಹಾಗಾಗಿ ನಾನು ಹೋಗುವುದು ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ವಾರಕ್ಕೆ ನೀರು ಹಸಿರಾಯಿತು. ಊರಿನವರು ಹಾಡಿ ಕುಣಿದರು.

ಮಳೆಗಾಲಕ್ಕೆ ಮುಂಚೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದ. ಹೊಂಡಕ್ಕೆ ಸಂಬಳದ ಆಳು ಬೇಕೇ ಎಂದು ಎಲ್ಲರೆದುರೇ ಕೇಳಿದ.

"ಬೇಡ ಸಾರ್," ಅಂದ ಹಮೂಂಗಾ. "ನಮ್ ಸಿಯಾಂಕುಕು ಅಣ್ಣನೇ ನೋಡ್ಕೊಳ್ತಾವ್ನೆ."

ಅಧಿಕಾರಿ ನಕ್ಕು, ಆಳು ಬೇಡವೆಂದು ಬರೆದುಕೊಂಡು ಹೋದ.

ಇದೆಲ್ಲ ಆಗಿ ಮೂರು ವರ್ಷ. ನನ್ನ ಭುಜ ಈಗ ಮೇಲೇಳುವುದಿಲ್ಲ. ಆದರೂ ದಿನಾ ಹೋಗಿ ಎಳೆಯುತ್ತೇನೆ. ಒಂದೂವರೆ ತಿಂಗಳು ಬಿಟ್ಟರೆ ಸಾಕು, ಹೊಂಡ ಮತ್ತೆ ಕೆಂಪಾಗಿ, ಉಂಡ ತುತ್ತನ್ನು ಊರಿನವರೆಲ್ಲ ನನ್ನ ಅಂಗಳದಲ್ಲೇ ಕಕ್ಕಿಬಿಡುತ್ತಾರೆ.